ಇ20 ಪೆಟ್ರೋಲ್: ಬೈಕಿನ ಮೈಲೇಜ್ ಇಳಿಯಿತು, ಅಪ್ಪನ ಮೆಕ್ಕೆಜೋಳದ ರೇಟೂ ಇಳಿಯಿತು

ಪ್ರಶ್ನೆ: ನನ್ನ ಹತ್ತಿರ 2012ರ ಕಾರ್ಬೊರೇಟರ್ ಬೈಕ್ ಮತ್ತು 2016ರ ಪೆಟ್ರೋಲ್ ಕಾರು ಇದೆ. ಕೆಲಸಕ್ಕೆ ಬೈಕಿನಲ್ಲೇ ಓಡಾಡುತ್ತೇನೆ, ತಿಂಗಳಿಗೆ ಸುಮಾರು 1,000 ಕಿಲೋಮೀಟರ್. ಮೊದಲು ಲೀಟರಿಗೆ 55 ಕೊಡುತ್ತಿತ್ತು, ಈಗ 48ಕ್ಕೆ ಬಂದಿದೆ. ಕಾರು 17 ಇದ್ದದ್ದು 15.5 ಆಗಿದೆ. ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡುವುದೇ ಒಂದು ಕೆಲಸ. ಮೆಕ್ಯಾನಿಕ್ ಕೇಳಿದರೆ "ಇದು ಎಥೆನಾಲ್ ಮಹಿಮೆ, ಎರಡು ವರ್ಷದಲ್ಲಿ ಟ್ಯಾಂಕೂ ಹೋಗುತ್ತೆ, ಇಂಜಿನ್ನೂ ಹೋಗುತ್ತೆ, ಈಗಲೇ ಮಾರಿಬಿಡಿ" ಅಂದರು. ಇ20 (ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಹಾಕಿದರೆ ಇನ್ಶೂರೆನ್ಸ್ ಸಿಗಲ್ಲ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಪೆಟ್ರೋಲಿಗೆ ನೀರು ಹಾಕಿ ಎಥೆನಾಲ್ ಬೇರೆ ಮಾಡುವ ವಿಡಿಯೊ ಕೂಡ ನೋಡಿದೆ. ಇನ್ನು ಊರಿನಲ್ಲಿ, ಹರಿಹರದ ಹತ್ತಿರ, ಅಪ್ಪ ನಾಲ್ಕು ಎಕರೆ ಮೆಕ್ಕೆಜೋಳ ಹಾಕುತ್ತಾರೆ. ಎಥೆನಾಲ್ ಫ್ಯಾಕ್ಟರಿಗಳು ಬಂದಿವೆ, ಇನ್ನು ರೇಟಿಗೆ ಚಿಂತೆಯಿಲ್ಲ ಅಂತ ಎಲ್ಲರೂ ಹೇಳಿದ್ದರು. ಈ ಸಲ ಕ್ವಿಂಟಲಿಗೆ 1,700ಕ್ಕೆ ಕೇಳಿದರು. ಹದಿನೈದು ವರ್ಷದ ಹಿಂದೆ ಬೀಜದ ಎಣ್ಣೆಯಿಂದ ಡೀಸೆಲ್ ಮಾಡುತ್ತಾರೆ ಅಂತ ನಮ್ಮ ಬದುವಿನ ಮೇಲೆ ಹೊಂಗೆ, ಜತ್ರೋಫಾ ಗಿಡ ನೆಡಿಸಿದ್ದರು. ಬೀಜ ಕೊಳ್ಳಲು ಯಾರೂ ಬರಲಿಲ್ಲ. ಇದೂ ಹಾಗೇ ಆಗುತ್ತಾ? ಬ್ರೆಜಿಲ್‌ನಲ್ಲಿ ಐವತ್ತು ವರ್ಷದಿಂದ ನಡೆಯುತ್ತಿದೆಯಂತೆ. ನಮ್ಮಲ್ಲಿ ಮಾತ್ರ ಯಾಕೆ ಇಷ್ಟು ಗೋಳು?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಇಂಧನ ಮತ್ತು ಇಂಜಿನ್ ಪರೀಕ್ಷೆಯ ಕೆಲಸದಲ್ಲಿ ನಾನು ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಬೈಕಿನ ಬಗ್ಗೆ ಕೇಳುವವರು ದಿನವೂ ಸಿಗುತ್ತಾರೆ, ಬೆಳೆಯ ಬಗ್ಗೆ ಕೇಳುವವರು ಆಗಾಗ. ಎರಡನ್ನೂ ಒಂದೇ ಪತ್ರದಲ್ಲಿ ಕೇಳಿದವರು ನೀವೇ ಮೊದಲು. ಎಥೆನಾಲ್ ಅಂದರೆ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ತೆಗೆಯುವ ಮದ್ಯಸಾರ. ಒಂದು ಲೀಟರ್ ಇ20ಯಲ್ಲಿ ನಿಮ್ಮ ಬೈಕೂ ಇದೆ, ನಿಮ್ಮಪ್ಪನ ಹೊಲವೂ ಇದೆ. ಹಾಗಾಗಿ ಎರಡಕ್ಕೂ ಉತ್ತರ ಕೊಡುತ್ತೇನೆ. ಮೊದಲು ಬೈಕ್.

ಮೈಲೇಜ್ ಇಳಿದದ್ದು ನಿಮ್ಮ ಭ್ರಮೆಯಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಲೆಕ್ಕ ಹಾಕಿ ನೋಡಿ. ನೂರು ಲೀಟರ್ ಇ20ಯಲ್ಲಿ 80 ಲೀಟರ್ ಪೆಟ್ರೋಲ್, 20 ಲೀಟರ್ ಎಥೆನಾಲ್. ಆ 20 ಲೀಟರ್ ಮಾಡುವ ಕೆಲಸ ಹದಿಮೂರು ಚಿಲ್ಲರೆ ಲೀಟರ್ ಪೆಟ್ರೋಲಿನದು. ಒಟ್ಟು 93 ಲೀಟರಿನಷ್ಟು ಶಕ್ತಿ ಕೈಗೆ ಬಂತು. ಅಂದರೆ ಪೂರ್ತಿ ಪೆಟ್ರೋಲಿಗೆ ಹೋಲಿಸಿದರೆ ಸುಮಾರು ಶೇ 7 ಕಡಿಮೆ. ಇ10ಕ್ಕೆ (ಶೇ 10 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ) ಹೋಲಿಸಿದರೆ ಸುಮಾರು ಶೇ 3.5 ಕಡಿಮೆ.

2021ರ ಜೂನ್‌ನಲ್ಲಿ ನೀತಿ ಆಯೋಗ ಎಥೆನಾಲ್ ಬೆರಕೆಗೆ ಒಂದು ಮಾರ್ಗಸೂಚಿ ತಂದಿತು. ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4 ಇಂಧನ ದಕ್ಷತೆ ಇಳಿಯುತ್ತದೆ ಎಂದು ಅದರಲ್ಲೇ ಬರೆದಿದೆ. ಇ20ಗೆ ಅಂತಲೇ ಟ್ಯೂನ್ ಮಾಡಿದ ಹೊಸ ಕಾರುಗಳಲ್ಲಿ ಈ ನಷ್ಟ ಶೇ 1ರಿಂದ 2. ಎಥೆನಾಲ್‌ನ ಆಕ್ಟೇನ್, ಅಂದರೆ ಇಂಜಿನ್ನಿನಲ್ಲಿ ಹೊತ್ತಿಗೆ ಮುಂಚೆ ಸಿಡಿದು ಬಡಿಯದೆ ಉರಿಯುವ ಗುಣ, ಜಾಸ್ತಿ. ಅದನ್ನು ಬಳಸಿಕೊಳ್ಳುವ ಹಾಗೆ ಇಂಜಿನ್ ಮಾಡಿದರೆ ಕಳೆದುಕೊಂಡದ್ದರಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ಹಳೆ ಇಂಜಿನ್ನಿಗೆ ಆ ಅವಕಾಶ ಇಲ್ಲ.

ಈಗ ನಿಮ್ಮ ಅಂಕಿಗಳನ್ನು ನೋಡೋಣ. ಕಾರು 17ರಿಂದ 15.5, ಅಂದರೆ ಶೇ 9ರ ಹತ್ತಿರ. ಇದರಲ್ಲಿ ದೊಡ್ಡ ಪಾಲು ಎಥೆನಾಲ್‌ನದೇ. ಬೈಕ್ 55ರಿಂದ 48, ಅಂದರೆ ಶೇ 13. ಇಷ್ಟನ್ನು ಎಥೆನಾಲ್ ಒಂದರ ತಲೆಗೆ ಕಟ್ಟಲು ಆಗುವುದಿಲ್ಲ. ಅರ್ಧದಷ್ಟು ಅದರದು. ಉಳಿದ ಅರ್ಧ ನಿಮ್ಮ ಕಾರ್ಬೊರೇಟರಿನದು. ಅದನ್ನು ಸರಿ ಮಾಡಿಸಬಹುದು, ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ಕೊಟ್ಟ ಸಂಗತಿ ಇದೇ.

ಕಾರ್ಬೊರೇಟರಿನ ಕಥೆ ಹೀಗಿದೆ. ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ ಅದು. ಪೆಟ್ರೋಲ್ ಸರಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಎಥೆನಾಲ್‌ಗೆ 9 ಪಾಲು ಸಾಕು, ಯಾಕೆಂದರೆ ಅದರ ಒಳಗೇ ಆಮ್ಲಜನಕ ಇದೆ. ಇ20ಗೆ ಸುಮಾರು 13.5. ನಿಮ್ಮ ಕಾರಿನಲ್ಲಿ ಹೊಗೆ ಪೈಪಿನ ಹತ್ತಿರ ಒಂದು ಆಮ್ಲಜನಕ ಸೆನ್ಸರ್ ಇರುತ್ತದೆ. ಗಾಳಿ ಜಾಸ್ತಿ ಆಯಿತು ಎಂದು ಅದು ಹೇಳಿದ ಕೂಡಲೇ ಕಂಪ್ಯೂಟರ್ ಇಂಧನವನ್ನು ಒಂಚೂರು ಹೆಚ್ಚಿಸುತ್ತದೆ. ಕಾರ್ಬೊರೇಟರಿಗೆ ಕಣ್ಣೂ ಇಲ್ಲ ಕಿವಿಯೂ ಇಲ್ಲ. ಅದರಲ್ಲಿ ಇಂಧನ ಹಾಯುವ ಜೆಟ್ಟಿನ ತೂತು 2012ರಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. ಹಾಗಾಗಿ ಮಿಶ್ರಣದಲ್ಲಿ ಗಾಳಿ ಜಾಸ್ತಿಯಾಗಿ ಇಂಧನ ಸಾಲದೆ ಬರುತ್ತದೆ. ಅದಕ್ಕೇ ಬೈಕ್ ಎಳೆಯುವಾಗ ತಡವರಿಸುತ್ತದೆ, ನೀವು ಆಕ್ಸಲರೇಟರ್ ಇನ್ನೂ ತಿರುಗಿಸುತ್ತೀರಿ, ಮೈಲೇಜ್ ಇನ್ನೂ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದಿರುವುದಕ್ಕೂ ಇದೇ ಕಾರಣ. ಜೊತೆಗೆ ಎಥೆನಾಲ್ ಆವಿಯಾಗಲು ಜಾಸ್ತಿ ಶಾಖ ಬೇಡುತ್ತದೆ. ತಣ್ಣಗಿರುವ ಇಂಜಿನ್ ಅದನ್ನು ಕೊಡಲಾರದು.

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಥೆನಾಲ್ ತೊಂದರೆ ಕೊಡುವುದು ಮೊದಲು ರಬ್ಬರಿಗೆ. ಬೇರೆ ಬೇರೆ ಗಾಡಿಗಳ ಪೆಟ್ರೋಲ್ ಪೈಪಿನ ತುಂಡುಗಳನ್ನು ಗಾಜಿನ ಬಾಟಲಿಯಲ್ಲಿ ಇ20 ಹಾಕಿ ವಾರಗಟ್ಟಲೆ ನೆನೆಸಿಟ್ಟು ನೋಡಿದ್ದೇನೆ. ಹಳೆ ಕಾಲದ ಸಾದಾ ನೈಟ್ರೈಲ್ ರಬ್ಬರ್ ನೆನೆದ ಕಡಲೆಯ ಹಾಗೆ ಉಬ್ಬಿತ್ತು, ಉಗುರಿನಲ್ಲಿ ಒತ್ತಿದರೆ ಗುರುತು ಬೀಳುತ್ತಿತ್ತು. ಹೊರತೆಗೆದು ಒಣಗಿಸಿದರೆ ಕುಗ್ಗಿ ಸೀಳು ಬಿಡುತ್ತಿತ್ತು. ಅದೇ ಬಾಟಲಿಯಲ್ಲಿದ್ದ ಫ್ಲೋರಿನ್ ಸೇರಿದ ಒಳ್ಳೆಯ ರಬ್ಬರಿನಲ್ಲಿ ಹೆಚ್ಚೇನೂ ಬದಲಾವಣೆ ಇರಲಿಲ್ಲ. ಹಾಗಾಗಿ ಹೆದರಬೇಕಾದದ್ದು ಪೈಪ್, ವಾಷರ್, ಓ-ರಿಂಗ್, ಗ್ಯಾಸ್ಕೆಟ್‌ಗಳಿಗೆ. ಕೇಂದ್ರ ಪೆಟ್ರೋಲಿಯಂ ಸಚಿವಾಲಯ ಕೂಡ 2025ರ ಆಗಸ್ಟ್‌ನಲ್ಲಿ ಇದನ್ನು ಒಪ್ಪಿಕೊಂಡಿತು. ಕೆಲವು ಹಳೆ ಗಾಡಿಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದಿತು. ಇಂಜಿನ್ನೇ ಎರಡು ವರ್ಷದಲ್ಲಿ ಹೋಗುತ್ತದೆ ಎಂಬುದಕ್ಕೆ ಮಾತ್ರ ನನ್ನ ಕೆಲಸದಲ್ಲಿ ಪುರಾವೆ ಕಂಡಿಲ್ಲ.

ತುಕ್ಕಿನ ವಿಷಯ ಬೇರೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಇಲ್ಲಿ ಜನ ತಪ್ಪು ತಿಳಿಯುವುದು ಒಂದಿದೆ. ಎಥೆನಾಲ್ ಹೆಚ್ಚಿದಷ್ಟೂ ನೀರು ಬೇಗ ಬೇರ್ಪಡುತ್ತದೆ ಅಂದುಕೊಳ್ಳುತ್ತಾರೆ. ಆಗುವುದು ಇದಕ್ಕೆ ಉಲ್ಟಾ. ಇ20 ಇ10ಕ್ಕಿಂತ ಜಾಸ್ತಿ ನೀರನ್ನು ತನ್ನೊಳಗೆ ಕರಗಿಸಿ ಇಟ್ಟುಕೊಳ್ಳಬಲ್ಲದು. ಆದರೆ ಮಿತಿ ಮೀರಿದರೆ ನೀರು ಒಂದೇ ಕೆಳಗಿಳಿಯುವುದಿಲ್ಲ, ಎಥೆನಾಲನ್ನೂ ಜೊತೆಗೆ ಎಳೆದುಕೊಂಡು ಇಳಿಯುತ್ತದೆ. ಟ್ಯಾಂಕಿನ ತಳದಲ್ಲಿ ಆ ದ್ರವ ನಿಂತರೆ ತುಕ್ಕು ಅಲ್ಲಿಂದಲೇ ಶುರು. ದಿನಾ ಓಡುವ, ಆಗಾಗ ಹೊಸ ಪೆಟ್ರೋಲ್ ಬೀಳುವ ಗಾಡಿಯಲ್ಲಿ ಇದು ಅಪರೂಪ. ಮಳೆಗಾಲದಲ್ಲಿ ಮೂರು ತಿಂಗಳು ಕಾಲು ಟ್ಯಾಂಕ್ ಪೆಟ್ರೋಲಿನಲ್ಲಿ ನಿಲ್ಲಿಸಿದ ಬೈಕಿನಲ್ಲಿ ಸಾಮಾನ್ಯ. ನನ್ನದೇ ಮನೆಯ ಸ್ಕೂಟರಿನ ಟ್ಯಾಂಕಿನ ಒಳಗೆ ಹೀಗೆ ಕೆಂಪು ಕೆಸರು ತುಂಬಿದ್ದನ್ನು ಕೈಯಾರೆ ತೊಳೆದಿದ್ದೇನೆ.

ಇನ್ನು ವಿಡಿಯೊದಲ್ಲಿ ನೋಡಿದ ನೀರು ಹಾಕುವ ಉಪಾಯ. ದಯವಿಟ್ಟು ಮಾಡಬೇಡಿ. ಎಥೆನಾಲ್ ನೀರಿನೊಂದಿಗೆ ಕೆಳಗಿಳಿಯುತ್ತದೆ, ಅದು ನಿಜ. ಆದರೆ ಮೇಲೆ ಉಳಿಯುವುದು ಹಿಂದಿನ ಕಾಲದ ಶುದ್ಧ ಪೆಟ್ರೋಲ್ ಅಲ್ಲ. ಎಥೆನಾಲ್ ಆಕ್ಟೇನ್ ಏರಿಸುತ್ತದೆ ಎಂದು ಲೆಕ್ಕ ಹಾಕಿಯೇ ಬೆರಕೆ ಮಾಡಿರುತ್ತಾರೆ. ಅದನ್ನು ತೆಗೆದರೆ ಆಕ್ಟೇನ್ ಬೀಳುತ್ತದೆ, ಇಂಜಿನ್ ಬಡಿಯಲು ಶುರುವಾಗುತ್ತದೆ. ಪಿಸ್ಟನ್ನಿಗೆ ಎಥೆನಾಲ್‌ಗಿಂತ ಆ ಬಡಿತವೇ ಕೆಟ್ಟದ್ದು. ಮನೆಯೊಳಗೆ ತೆರೆದ ಬಕೆಟ್ಟಿನಲ್ಲಿ ಪೆಟ್ರೋಲ್ ಕಲಸುವಾಗ ಅಡುಗೆಮನೆಯ ಒಂದು ಕಿಡಿ ಸಾಕು, ಮುಂದಿನದನ್ನು ನಾನು ಬರೆಯಬೇಕಿಲ್ಲ.

ಇನ್ಶೂರೆನ್ಸ್ ಚಿಂತೆ ಬಿಡಿ. ಇ20 ಬಳಸಿದ್ದರಿಂದ ವಿಮೆ ರದ್ದಾಗುವುದಿಲ್ಲ ಎಂದು ಸಚಿವಾಲಯ ಸ್ಪಷ್ಟ ಮಾಡಿದೆ.

ನಿಮ್ಮ ಗಾಡಿಗೆ ಏನು ಮಾಡಬಹುದು

ಬೈಕ್ ಮಾರಬೇಡಿ. ತಿಂಗಳಿಗೆ 1,000 ಕಿಲೋಮೀಟರಿಗೆ ಮೊದಲು 18 ಲೀಟರ್ ಚಿಲ್ಲರೆ ಸಾಕಾಗುತ್ತಿತ್ತು. ಎಥೆನಾಲ್‌ನ ಶೇ 7ರ ನಷ್ಟಕ್ಕೆ ಒಂದೂಕಾಲು ಲೀಟರ್ ಮೇಲೆ ಬೀಳುತ್ತದೆ, ಲೀಟರಿಗೆ 103 ರೂಪಾಯಿ ಹಿಡಿದರೆ ತಿಂಗಳಿಗೆ 130 ರೂಪಾಯಿಯ ಆಸುಪಾಸು. ಅದಕ್ಕಾಗಿ ಹೊಸ ಗಾಡಿಯ ಸಾಲ ಮಾಡುವುದು ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ಪೈಪ್, ಪೆಟ್ರೋಲ್ ಕಾಕಿನ ವಾಷರ್, ಫ್ಲೋಟ್ ಬಟ್ಟಲಿನ ಓ-ರಿಂಗ್ ಬದಲಿಸಿ. ಎಥೆನಾಲ್ ತಡೆಯುವ ರಬ್ಬರ್ ಎಂದು ಪ್ಯಾಕೆಟ್ ಮೇಲೆ ಬರೆದದ್ದೇ ಬೇಕು. ರಸ್ತೆ ಬದಿಯ ಡೂಪ್ಲಿಕೇಟ್ ಪೈಪ್ ಹಾಕಿಸಿದರೆ ಆರು ತಿಂಗಳಿಗೆ ಮತ್ತೆ ಅದೇ ಗತಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ಮೈಲೇಜಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಆಮೇಲೆ ಫಿಲ್ಟರ್. ಎಥೆನಾಲ್ ಒಳ್ಳೆ ದ್ರಾವಕ. ಹತ್ತು ವರ್ಷದಿಂದ ಟ್ಯಾಂಕಿಗೆ ಅಂಟಿದ್ದ ಕಿಟ್ಟವನ್ನು ಕಿತ್ತು ತಂದು ಫಿಲ್ಟರಿನಲ್ಲಿ, ಜೆಟ್ಟಿನಲ್ಲಿ ಕೂರಿಸುತ್ತದೆ. ನಿಮ್ಮ 48ಕ್ಕೆ ಇದೂ ಒಂದು ಕಾರಣ ಇರಬಹುದು. ಕಾರ್ಬೊರೇಟರ್ ಬಿಚ್ಚಿ ತೊಳೆಸಿ, ಮಿಶ್ರಣವನ್ನು ಒಂಚೂರು ದಪ್ಪಗೆ, ಅಂದರೆ ಇಂಧನ ಸ್ವಲ್ಪ ಹೆಚ್ಚು ಬರುವ ಹಾಗೆ, ಟ್ಯೂನ್ ಮಾಡಿಸಿ. ಸ್ಕ್ರೂ ತಿರುಗಿಸಿದ್ದು ಸಾಲದಿದ್ದರೆ ಒಂದು ಸೈಜ್ ದೊಡ್ಡ ಜೆಟ್ ಹಾಕಿಸಬಹುದು. ಅತಿ ಮಾಡಿದರೆ ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಮತ್ತೆ ಬೀಳುತ್ತದೆ. ವಾರದ ನಂತರ ಪ್ಲಗ್ ತೆಗೆದು ನೋಡಿ, ತಿಳಿ ಕಂದು ಬಣ್ಣ ಇದ್ದರೆ ಸರಿ ಇದೆ. ಈ ಎಲ್ಲ ಕೆಲಸ ಮಾಡುವ ತಾಳ್ಮೆ ಇರುವ ಮೆಕ್ಯಾನಿಕ್ ಬೇಕು. "ಮಾರಿಬಿಡಿ" ಅನ್ನುವವರ ಹತ್ತಿರ ಬೇಡ.

ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಕಾಕ್ ಬಂದ್ ಮಾಡಿ ಫ್ಲೋಟ್ ಬಟ್ಟಲು ಖಾಲಿ ಮಾಡಿ ಹೋಗಿ. ಟ್ಯಾಂಕ್ ಮಾತ್ರ ತುಂಬಿರಲಿ, ಒಳಗೆ ತೇವದ ಗಾಳಿಗೆ ಜಾಗ ಇರುವುದಿಲ್ಲ.

ಕಾರಿನ ವಿಷಯದಲ್ಲಿ ಇಷ್ಟು ತಲೆಬಿಸಿ ಬೇಡ. ಮ್ಯಾನುಯಲ್ ತೆಗೆದು ಯಾವ ಮಿಶ್ರಣದವರೆಗೆ ಅನುಮತಿ ಕೊಟ್ಟಿದ್ದಾರೆ ನೋಡಿ. 2016ರ ಗಾಡಿಯಾದ್ದರಿಂದ ಇ10 ಎಂದಿರುವ ಸಾಧ್ಯತೆ ಹೆಚ್ಚು. ಇ20 ತಡೆಯುವ ಭಾಗಗಳು ಬಂದದ್ದು 2023ರ ಏಪ್ರಿಲ್ ನಂತರದ ಗಾಡಿಗಳಿಂದ. ಮುಂದಿನ ಸರ್ವಿಸ್‌ನಲ್ಲಿ ಇಂಧನ ಫಿಲ್ಟರ್ ಬದಲಿಸಿ, ಪೈಪುಗಳನ್ನು ಕೈಯಲ್ಲಿ ಒತ್ತಿ ನೋಡಲು ಹೇಳಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಇಂಜಿನ್ ಚಿಹ್ನೆಯ ದೀಪ ಹತ್ತಿದರೆ ಮುಂದೂಡಬೇಡಿ. ಎಥೆನಾಲ್ ತೊಂದರೆ ಹೋಗಲಾಡಿಸುತ್ತೇವೆ ಎಂದು ಮಾರುವ ಬಾಟಲಿಗಳಿಗೆ ದುಡ್ಡು ಹಾಕುವುದು ಸುಮ್ನೆ. ಉಬ್ಬಿದ ರಬ್ಬರನ್ನು ಯಾವ ಬಾಟಲಿಯೂ ವಾಪಸ್ ತರುವುದಿಲ್ಲ, ಕಡಿಮೆಯಾದ ಶಕ್ತಿಯನ್ನು ತುಂಬುವುದೂ ಇಲ್ಲ.

ಈ ಗೋಳು ಯಾಕೆ ಬಂತು

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಅಲ್ಲಿಯೇ ನನಗೆ ಹೇಳುವುದು ಜಾಸ್ತಿ ಇದೆ.

ನಮ್ಮ ದೇಶ ಬಳಸುವ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಇದನ್ನು ಕಡಿಮೆ ಮಾಡಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. 2003ರ ಜನವರಿಯಲ್ಲಿ 9 ರಾಜ್ಯ, 4 ಕೇಂದ್ರಾಡಳಿತ ಪ್ರದೇಶಗಳಲ್ಲಿ ಶೇ 5 ಎಥೆನಾಲ್ ಬೆರೆಸುವ ಯೋಜನೆ ಶುರುವಾಯಿತು. ಹತ್ತು ವರ್ಷ ಅದು ಕುಂಟಿತು. 2013-14ರಲ್ಲೂ ದೇಶದ ಸರಾಸರಿ ಬೆರಕೆ ಶೇ 1.53 ಮಾತ್ರ. ಆಗ ಎಥೆನಾಲ್ ಅಂದರೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದದ್ದು ಅಷ್ಟೇ. ಬೆಲೆ ನಿಶ್ಚಿತ ಇರಲಿಲ್ಲ, ಮದ್ಯ ತಯಾರಿಸುವವರೂ ರಾಸಾಯನಿಕ ಕಾರ್ಖಾನೆಯವರೂ ಅದಕ್ಕೇ ಕಾಯುತ್ತಿದ್ದರು.

2014ರ ಕೊನೆಯಲ್ಲಿ ಸರ್ಕಾರವೇ ಬೆಲೆ ನಿಗದಿ ಮಾಡಲು ಶುರು ಮಾಡಿತು. 2018ರ ಜೈವಿಕ ಇಂಧನ ನೀತಿ ಕಬ್ಬಿನ ಹಾಲು, ಸಕ್ಕರೆ ಅಂಶ ಹೆಚ್ಚು ಉಳಿದ ಕಾಕಂಬಿ, ಹಾಳಾದ ಧಾನ್ಯ ಎಲ್ಲದಕ್ಕೂ ಬಾಗಿಲು ತೆರೆಯಿತು. ಅಲ್ಲಿಂದ ಓಟ. 2022ರ ಜೂನ್‌ಗೆ ಶೇ 10. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಇ20 ಮಾರಾಟಕ್ಕೆ ಚಾಲನೆ. 2030ಕ್ಕೆ ಎಂದುಕೊಂಡಿದ್ದ ಶೇ 20ರ ಗುರಿ 2025ರಲ್ಲೇ ಮುಟ್ಟಿತು. ಹನ್ನೊಂದು ವರ್ಷದಲ್ಲಿ 1.44 ಲಕ್ಷ ಕೋಟಿ ರೂಪಾಯಿ ವಿದೇಶಿ ವಿನಿಮಯ ಉಳಿದಿದೆ ಎಂದು ಸರ್ಕಾರ ಹೇಳುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಚೆನ್ನಾಗಿ ಇಳಿಯುತ್ತದೆ, ಅದನ್ನು ನಾನೇ ಅಳೆದು ನೋಡಿದ್ದೇನೆ. ಇದೆಲ್ಲ ನಿಜವಾದ ಸಾಧನೆ. ಸಣ್ಣದು ಎಂದು ನಾನು ಹೇಳುವುದಿಲ್ಲ.

ನನಗೆ ಬೇಸರವಾಗುವುದು ಇನ್ನೊಂದು ಜಾಗದಲ್ಲಿ. ಆ 2021ರ ಮಾರ್ಗಸೂಚಿಯಲ್ಲೇ ಎರಡು ಮಾತು ಇದ್ದವು. ಹಳೆ ಗಾಡಿಗಳ ರಕ್ಷಣೆಗೆ ಇ10 ಪೆಟ್ರೋಲ್ ಸಿಗುತ್ತಲೇ ಇರಬೇಕು ಎಂಬುದು ಒಂದು. ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ, ಆದ್ದರಿಂದ ಅಂಥ ಇಂಧನದ ಬೆಲೆ ಸಾದಾ ಪೆಟ್ರೋಲಿಗಿಂತ ಕಡಿಮೆ ಇರಬೇಕು ಎಂಬುದು ಇನ್ನೊಂದು. ಎರಡೂ ನಡೆಯಲಿಲ್ಲ. ಬಂಕಿಗೆ ಹೋದರೆ ಸಾದಾ ಪೆಟ್ರೋಲ್ ಎಂದು ನಿಮಗೆ ಸಿಗುವುದು ಇ20 ಒಂದೇ, ಬೆಲೆಯೂ ಹಿಂದಿನದೇ. ಬೆಲೆ ಇಳಿಯದಿರುವುದಕ್ಕೆ ಸರ್ಕಾರ ಕೊಡುವ ಕಾರಣ, ಎಥೆನಾಲ್ ಈಗ ಅಗ್ಗವಲ್ಲ ಎಂಬುದು. ಅದು ಹೌದು. ಮೆಕ್ಕೆಜೋಳದ ಎಥೆನಾಲ್‌ಗೆ ತೈಲ ಕಂಪನಿಗಳು ಲೀಟರಿಗೆ 71.86 ರೂಪಾಯಿ ಕೊಡುತ್ತವೆ. ಆದರೆ ಆ ಹೊರೆಯಲ್ಲಿ ಒಂದು ಪಾಲನ್ನು ಹಳೆ ಬೈಕಿನವರ ಜೇಬಿಗೆ ಹಾಕಿ, ಅದನ್ನು ಅವರಿಗೆ ತಿಳಿಸದೆ ಬಿಟ್ಟದ್ದು ಸರಿಯಲ್ಲ. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಸದ್ಯಕ್ಕೆ ಆ ದಾರಿ ಮುಚ್ಚಿದೆ.

ಬ್ರೆಜಿಲ್ ಬಗ್ಗೆ ಕೇಳಿದಿರಿ. ಅಲ್ಲಿ ಎಲ್ಲ ನೀಟಾಗಿ ನಡೆಯಿತು ಎಂದು ನಾವು ಅಂದುಕೊಳ್ಳುತ್ತೇವೆ. ನಡೆದದ್ದು ಬೇರೆ. 1973ರ ತೈಲ ಬಿಕ್ಕಟ್ಟಿನ ನಂತರ, 1975ರ ನವೆಂಬರಿನಲ್ಲಿ ಅವರು ಎಥೆನಾಲ್ ಬಳಕೆ ಹೆಚ್ಚಿಸುವ ಪ್ರೊಆಲ್ಕೂಲ್ ಯೋಜನೆ ತಂದರು. 1979ರಲ್ಲಿ ಪೂರ್ತಿ ಎಥೆನಾಲ್‌ನಲ್ಲಿ ಓಡುವ ಫಿಯೆಟ್ 147 ಬಂತು. 1980ರ ದಶಕದ ಮಧ್ಯದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಎಥೆನಾಲ್ ಕಾರುಗಳೇ. ಆಮೇಲೆ ತೈಲ ಅಗ್ಗವಾಯಿತು, ಸಕ್ಕರೆ ಬೆಲೆ ಏರಿತು. ಕಾರ್ಖಾನೆಗಳು ಸಕ್ಕರೆ ಕಡೆ ತಿರುಗಿದವು. 1989ರ ಹೊತ್ತಿಗೆ ಬಂಕುಗಳಲ್ಲಿ ಎಥೆನಾಲ್ ಇಲ್ಲ. ಕಾರುಗಳು ಬೇರೇನೂ ಕುಡಿಯುವುದಿಲ್ಲ. ಜನ ಸಾಲು ನಿಂತು ಬೇಸತ್ತು ಎಥೆನಾಲ್ ಕಾರಿನ ಸಹವಾಸವೇ ಬೇಡ ಅಂದರು. ಹತ್ತು ವರ್ಷ ಆ ಮಾರುಕಟ್ಟೆ ನೆಲಕಚ್ಚಿತ್ತು.

ಅದು ಮತ್ತೆ ಎದ್ದದ್ದು 2003ರಲ್ಲಿ, ಎರಡೂ ಇಂಧನದಲ್ಲಿ ಓಡುವ ಫ್ಲೆಕ್ಸ್ ಕಾರು ಬಂದ ಮೇಲೆ. ಈಗ ಅಲ್ಲಿನ ಬಂಕಿನಲ್ಲಿ ಒಂದು ಪಂಪಿನಲ್ಲಿ ಬೆರಕೆ ಪೆಟ್ರೋಲ್, ಇನ್ನೊಂದರಲ್ಲಿ ಎಥೆನಾಲ್. ಎಥೆನಾಲ್ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆ ಇದ್ದರೆ ಅದನ್ನು ಹಾಕಿಸು, ಇಲ್ಲವಾದರೆ ಪೆಟ್ರೋಲ್. ಈ ಲೆಕ್ಕ ಅಲ್ಲಿನ ಸಾಮಾನ್ಯ ಡ್ರೈವರಿಗೂ ಬಾಯಿಪಾಠ. 2025ರ ಆಗಸ್ಟ್ 1ರಿಂದ ಬೆರಕೆ ಪೆಟ್ರೋಲಿನಲ್ಲಿ ಎಥೆನಾಲ್ ಶೇ 30 ಆಗಿದೆ, ಆದರೂ ಜನ ಒಪ್ಪಿಕೊಂಡು ನಡೆದಿದ್ದಾರೆ. ಯಾಕೆಂದರೆ ಗಾಡಿಗಳನ್ನು ಅದಕ್ಕೆ ತಕ್ಕಂತೆ ದಶಕಗಳಿಂದ ಕಟ್ಟಿದ್ದಾರೆ, ಆಯ್ಕೆ ಗ್ರಾಹಕನ ಕೈಯಲ್ಲಿದೆ. ನಮ್ಮಲ್ಲಿ ಗಾಡಿ ಬದಲಾಗುವ ವೇಗಕ್ಕಿಂತ ಪೆಟ್ರೋಲ್ ಬದಲಾದ ವೇಗ ಜಾಸ್ತಿ ಆಯಿತು. ಗೋಳು ಹುಟ್ಟಿದ್ದು ಆ ಅಂತರದಲ್ಲಿ.

ಇನ್ನೊಂದು ವ್ಯತ್ಯಾಸ ನೀರು. ಸಾವೊ ಪಾಲೊ ಸುತ್ತಲಿನ ಕಬ್ಬು ಬಹುಪಾಲು ಮಳೆಯಲ್ಲೇ ಬೆಳೆಯುತ್ತದೆ. ನಮ್ಮ ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬು ಕಾಲುವೆ, ಬೋರ್‌ವೆಲ್ ನಂಬಿದೆ. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಮಾಡಲು ಸುಮಾರು 2,860 ಲೀಟರ್ ನೀರು ಬೇಕು ಎಂದು ನೀತಿ ಆಯೋಗವೇ ಲೆಕ್ಕ ಹಾಕಿದೆ. 2023ರಲ್ಲಿ ಮಳೆ ಕೈಕೊಟ್ಟಾಗ ಏನಾಯಿತು ನೆನಪಿದೆಯಲ್ವಾ? ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನೇ ಕೇಂದ್ರ ನಿಲ್ಲಿಸಿತು. ಒಂದು ವಾರದ ನಂತರ ಮಿತಿ ಹಾಕಿ ಸ್ವಲ್ಪ ಬಿಟ್ಟಿತು. ಆ ಖಾಲಿ ಜಾಗಕ್ಕೆ ಬಂದದ್ದೇ ನಿಮ್ಮಪ್ಪನ ಮೆಕ್ಕೆಜೋಳ.

ಅಪ್ಪನ ಹೊಲ

2024ರಲ್ಲಿ ಮೆಕ್ಕೆಜೋಳಕ್ಕೆ ಒಳ್ಳೆ ಬೇಡಿಕೆ ಬಂತು. ಎಷ್ಟೆಂದರೆ, ಹೊರದೇಶಕ್ಕೆ ಕಳಿಸುತ್ತಿದ್ದ ನಾವು ಆ ವರ್ಷ ಹೊರಗಿನಿಂದ ತರಿಸಿಕೊಂಡೆವು. ಕೋಳಿ ಸಾಕುವವರು ಆಹಾರ ದುಬಾರಿಯಾಯಿತು ಎಂದು ಗೋಳಾಡಿದರು. ರೈತರು ಸಹಜವಾಗಿ ಜಾಸ್ತಿ ಬಿತ್ತಿದರು. ಮುಂದೆ ಆದದ್ದು ಎರಡು. ಬೆಳೆ ಚೆನ್ನಾಗಿ ಬಂತು. ಅದೇ ಹೊತ್ತಿಗೆ ಆಹಾರ ನಿಗಮದ ಅಕ್ಕಿಯನ್ನು ಎಥೆನಾಲ್ ಕಾರ್ಖಾನೆಗಳಿಗೆ ಕ್ವಿಂಟಲಿಗೆ 2,250 ರೂಪಾಯಿಗೆ ಕೊಡಲು ಸರ್ಕಾರ 2025ರ ಜನವರಿಯಲ್ಲಿ ತೀರ್ಮಾನಿಸಿತು. ಮೊದಲು ಅದು 2,800 ಇತ್ತು. ಮೆಕ್ಕೆಜೋಳದ ಬೆಂಬಲ ಬೆಲೆ 2025-26ಕ್ಕೆ 2,400. ಅಗ್ಗದ ಅಕ್ಕಿ ಸಿಗುವಾಗ ಕಾರ್ಖಾನೆಯವನು 2,400 ಕೊಟ್ಟು ಮೆಕ್ಕೆಜೋಳ ಕೊಳ್ಳಲು ಯಾಕೆ ಓಡಿ ಬರುತ್ತಾನೆ?

ಇದಕ್ಕಿಂತ ದೊಡ್ಡ ಸಂಗತಿ ಒಂದಿದೆ, ಇದನ್ನು ನಿಮ್ಮಪ್ಪನಿಗೆ ಬಿಡಿಸಿ ಹೇಳಿ. 2025-26ಕ್ಕೆ ತೈಲ ಕಂಪನಿಗಳು ಕೇಳಿದ್ದು 1,050 ಕೋಟಿ ಲೀಟರ್ ಎಥೆನಾಲ್. ಕಾರ್ಖಾನೆಗಳು ಕೊಡುತ್ತೇವೆ ಎಂದು ಮುಂದೆ ಬಂದದ್ದು 1,776 ಕೋಟಿ ಲೀಟರ್. ಬೆರಕೆ ಶೇ 20ಕ್ಕೆ ನಿಂತಿದೆ, ಕಾರ್ಖಾನೆಗಳು ಮಾತ್ರ ಹೆಚ್ಚುತ್ತಿವೆ. ಬೇಡಿಕೆ ಏರುವ ಕಾಲ ಸದ್ಯಕ್ಕೆ ಮುಗಿದಿದೆ. ಆ 1,050 ಕೋಟಿಯಲ್ಲಿ ಸುಮಾರು ಶೇ 45 ಮೆಕ್ಕೆಜೋಳದ್ದೇ, ಹಾಗಾಗಿ ಈ ಬೆಳೆ ನಾಳೆಯೇ ಬೇಡವಾಗುವುದಿಲ್ಲ. ಆದರೆ ಎಥೆನಾಲ್ ಇದೆ, ರೇಟ್ ಇದ್ದೇ ಇರುತ್ತದೆ ಎಂಬ ಮಾತನ್ನು ನಂಬಿ ಎಕರೆ ಹೆಚ್ಚಿಸುವುದು ಬೇಡ.

ಅವರ ಮುಂದೆ ಇರುವ ದಾರಿಗಳು ಕೆಲವು. ಕಾಳಿನ ತೇವ ಶೇ 14ಕ್ಕೆ ಇಳಿಯುವ ಹಾಗೆ ಒಣಗಿಸಿದರೆ ಬೆಂಬಲ ಬೆಲೆ ಕೇಂದ್ರದಲ್ಲೂ ಕಾರ್ಖಾನೆಯಲ್ಲೂ ತಿರಸ್ಕಾರ ಆಗುವುದಿಲ್ಲ. ಕೊಯ್ಲಿನ ವಾರದಲ್ಲೇ ಮಾರದೆ ಎರಡು ತಿಂಗಳು ಇಟ್ಟರೆ ಬೆಲೆ ಸಿಗಬಹುದು, ಆದರೆ ಹುಳ ಮತ್ತು ಬೂಷ್ಟಿನ ಅಪಾಯ ಇದೆ, ಸಾಲದ ಬಡ್ಡಿಯೂ ಓಡುತ್ತಿರುತ್ತದೆ. ರೈತ ಉತ್ಪಾದಕ ಸಂಘದ ಮೂಲಕ ಲೋಡುಗಟ್ಟಲೆ ಕಾರ್ಖಾನೆಗೇ ಮಾರುವುದು ಇವೆಲ್ಲಕ್ಕಿಂತ ವಾಸಿ, ಆದರೆ ಬೆಲೆ ಮತ್ತು ಹಣ ಕೊಡುವ ದಿನ ಎರಡೂ ಬರವಣಿಗೆಯಲ್ಲಿ ಇರಬೇಕು. ಬಾಯಿಮಾತಿಗೆ ಲಾರಿ ತುಂಬಬೇಡಿ. ನಾಲ್ಕರಲ್ಲಿ ಒಂದು ಎಕರೆಯನ್ನಾದರೂ ತೊಗರಿಗೋ ಬೇರೆ ಬೆಳೆಗೋ ಬಿಟ್ಟರೆ ಒಂದೇ ಬುಟ್ಟಿಗೆ ಎಲ್ಲ ಹಾಕಿದಂತಾಗುವುದಿಲ್ಲ. ಬೆಳೆಯ ತಾಂತ್ರಿಕ ವಿಷಯದಲ್ಲಿ ನಿಮ್ಮ ಕೃಷಿ ವಿಜ್ಞಾನ ಕೇಂದ್ರದವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಕೊನೆಗೆ ಬದುವಿನ ಗಿಡಗಳು. ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. 2003ರಲ್ಲಿ ಯೋಜನಾ ಆಯೋಗದ ಸಮಿತಿ ದೇಶದ ಒಂದು ಕೋಟಿ ಹೆಕ್ಟೇರಿಗೂ ಹೆಚ್ಚು ಪಾಳು ಭೂಮಿಯಲ್ಲಿ ಜತ್ರೋಫಾ ಬೆಳೆದು ಡೀಸೆಲ್‌ಗೆ ಬೆರೆಸುವ ಕನಸು ಕಟ್ಟಿತು. 2009ರ ನೀತಿ 2017ಕ್ಕೆ ಶೇ 20 ಎಂದಿತು. ಈಗಲೂ ಡೀಸೆಲ್‌ನಲ್ಲಿ ಜೈವಿಕ ಡೀಸೆಲ್‌ನ ಪಾಲು ಶೇ 1 ಕೂಡ ಇಲ್ಲ. ಜತ್ರೋಫಾ ನೀರಿಲ್ಲದೆ ಬದುಕುತ್ತದೆ ಎಂದು ಹೇಳಿದ್ದು ನಿಜ. ನೀರಿಲ್ಲದೆ ಕಾಯಿ ಕಟ್ಟುವುದಿಲ್ಲ ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಅದು ಕಾಡುಗಿಡ, ಒಳ್ಳೆ ತಳಿ ಇರಲಿಲ್ಲ, ಕಾಯಿ ಒಮ್ಮೆಲೇ ಮಾಗುವುದೂ ಇಲ್ಲ. ಬೆಲೆಯಂತೂ ಕೇಳಬೇಡಿ. 2005ರ ಖರೀದಿ ನೀತಿಯಲ್ಲಿ ಜೈವಿಕ ಡೀಸೆಲ್‌ಗೆ ಲೀಟರಿಗೆ 25 ರೂಪಾಯಿ ಇಟ್ಟರು. ಒಂದು ಲೀಟರ್ ಎಣ್ಣೆಗೆ ಮೂರೂವರೆ ಕಿಲೋ ಬೀಜವಾದರೂ ಬೇಕು. ಗಾಣ, ಸಾಗಣೆ, ಕಾರ್ಖಾನೆಯ ಖರ್ಚು ಬದಿಗಿಟ್ಟರೂ ಕಿಲೋಗೆ 7 ರೂಪಾಯಿ ಚಿಲ್ಲರೆ ಮೀರುವುದಿಲ್ಲ. ಆ ದರಕ್ಕೆ ಬಿಸಿಲಲ್ಲಿ ಬೀಜ ಆಯುವವರ ಕೂಲಿ ಹೇಗೆ ಗಿಟ್ಟೀತು? ನಿಮ್ಮ ಊರಿಗೆ ಕೊಳ್ಳುವವರು ಬಾರದಿದ್ದದ್ದು ಇದಕ್ಕೆ.

ಹೊಂಗೆಯ ಕಥೆ ಅಷ್ಟು ನಿರಾಸೆಯದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರ ತಂಡ ಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರ್ ಓಡಿಸಿ ತೋರಿಸಿತ್ತು. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನ ರೈತರ ಬದುಗಳಲ್ಲಿ ಹೊಂಗೆ, ಬೇವು, ಹಿಪ್ಪೆ ಬೆಳೆಸುವ ಕೆಲಸ ಮಾಡಿತು. ಇಡೀ ರಾಜ್ಯದ ಲಾರಿಗಳಿಗೆ ಅದರಿಂದ ಡೀಸೆಲ್ ಬರಲಿಲ್ಲ, ಬರುವುದೂ ಇಲ್ಲ. ಆದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ತೆಂಗು ಅಡಿಕೆಗೆ ಒಳ್ಳೆಯ ಗೊಬ್ಬರ, ಸೊಪ್ಪು ಹಸಿರೆಲೆ ಗೊಬ್ಬರ. ಹೊಂಗೆ ನೆರಳು ತಾಯಿ ಮಡಿಲು ಎಂದು ಹಿರಿಯರು ಹೇಳಿದ್ದು ಡೀಸೆಲ್ ಲೆಕ್ಕ ಹಾಕಿ ಅಲ್ಲ. ಜತ್ರೋಫಾ ಒಣಗಿದ್ದರೆ ಕಿತ್ತುಬಿಡಿ. ಅದರ ಬೀಜ ವಿಷ, ಮಕ್ಕಳು ತಿನ್ನದ ಹಾಗೆ ನೋಡಿಕೊಳ್ಳಿ. ಹೊಂಗೆ ಮರಗಳನ್ನು ಮಾತ್ರ ಕಡಿಯಬೇಡಿ.

ಇದೂ ಜತ್ರೋಫಾ ಹಾಗೇ ಆಗುತ್ತಾ ಎಂದು ಕೇಳಿದ್ದಿರಿ. ಆಗುವುದಿಲ್ಲ ಎಂದು ನನ್ನ ಅಂದಾಜು. ಆ ಬೀಜಕ್ಕೆ ಕೊಳ್ಳುವವರೇ ಇರಲಿಲ್ಲ. ಎಥೆನಾಲ್‌ಗೆ ಬಂಕ್ ಇದೆ, ಕಾರ್ಖಾನೆ ಇದೆ, ನಿಗದಿತ ಬೆಲೆ ಇದೆ. ಆ ನಿಗದಿತ ಬೆಲೆ ಈಗ ಇರುವುದು ಕಾರ್ಖಾನೆಯ ಬಾಗಿಲಿನವರೆಗೆ. ಅಲ್ಲಿಂದ ಹೊಲದ ಬದುವಿನವರೆಗೆ ಅದು ಬಂದಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ಕೇಳಿ ದಿನಗಟ್ಟಲೆ ರಸ್ತೆಯಲ್ಲಿ ಕೂತದ್ದು ಈ ಕಾರಣಕ್ಕೇ. ಬಂಕಿನಲ್ಲಿ ಇ10 ಬೇಕು ಎಂದು ನೀವು ಕೇಳುವುದೂ, ಎಥೆನಾಲ್ ಬೆಲೆಯಲ್ಲಿ ನಮ್ಮ ಪಾಲು ಎಲ್ಲಿ ಎಂದು ನಿಮ್ಮಪ್ಪ ಕೇಳುವುದೂ ನ್ಯಾಯವಾಗಿಯೇ ಇದೆ. ಎರಡನ್ನೂ ನಿಮ್ಮ ಶಾಸಕರಿಗೆ, ಸಂಸದರಿಗೆ ಬರೆಯಿರಿ. ನಾನು ಸೇರಿದ ಸಭೆಗಳಲ್ಲಿ ಮೊದಲನೆಯದನ್ನು ಹೇಳುತ್ತಲೇ ಬಂದಿದ್ದೇನೆ.

ಸದ್ಯಕ್ಕೆ ಬೈಕಿನ ಕೆಲಸ ಮುಗಿಸಿ. ರಬ್ಬರ್ ಬದಲಿಸಿ ಟ್ಯೂನ್ ಮಾಡಿಸಿದ ಮೇಲೆ ಮೂರು ಸಲ ಟ್ಯಾಂಕ್ ತುಂಬಿಸಿ, ಪ್ರತಿ ಸಲವೂ ಲೀಟರ್ ಮತ್ತು ಕಿಲೋಮೀಟರ್ ಬರೆದಿಡಿ. 51ರ ಹತ್ತಿರ ಬಂದರೆ ಅದು ಇ20ಯಲ್ಲಿ ನಿಮ್ಮ ಬೈಕಿನ ನಿಜವಾದ ಮೈಲೇಜ್. 48ರಲ್ಲೇ ನಿಂತಿದ್ದರೆ ಮತ್ತೆ ಬರೆಯಿರಿ. ಆಗ ಕಂಪ್ರೆಷನ್, ಕ್ಲಚ್ ಕಡೆ ನೋಡಬೇಕಾಗುತ್ತದೆ.